ತಪಾಸಣೆಗೆ ಹೊರಟ ಶ್ರೀಪಾದರಾವ್

ಹಿರಿಯರ ಕಥೆಯನ್ನು ಹಿರಿಯರ ಮುಂದೆಯೇ ಹೇಳಲು ಹೊರಟಿದ್ದು ಅಧಿಕಪ್ರಸಂಗವೇ ಸರಿ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಆದರೂ ಹೇಳದೆ ಇರಲು ಮನಸ್ಸು ಒಪ್ಪಲಿಲ್ಲ. ಶ್ರೀಪಾದರಾವ್ ಅಂಥವರು ನಿಮ್ಮ ಓಣಿಯಲ್ಲೂ ಒಬ್ಬರು ಇರಬಹುದು.

ಬೀದರಿನ ನೌಬಾದದಲ್ಲಿ ಅವರ ಮನೆ. ಮನೆಯ ಮುಂದಿನ ಪಡಸಾಲೆಯಲ್ಲಿ ಒಂದು ಖುರ್ಚಿ. ಬೆಳಗಿನ ಚಹಾ ಅಲ್ಲೇ, ಪೇಪರ್ ಅಲ್ಲೇ, ಮಧ್ಯಾಹ್ನದ ತೂಕಡಿಕೆಯೂ ಅಲ್ಲೇ. ಮೂವತ್ತು ವರ್ಷ ಅವರು ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿದವರು. ಭಾಲ್ಕಿ ರಸ್ತೆಯಲ್ಲೋ ಔರಾದ ರಸ್ತೆಯಲ್ಲೋ ಜಾಲಿ ಗಿಡದ ಮರೆಯಲ್ಲಿ ನಿಂತು, ಬಸ್ಸು ಬಂದಾಗ ದಿಢೀರನೆ ಕೈ ಅಡ್ಡ ಮಾಡಿ ಹತ್ತುತ್ತಿದ್ದರು. ಟಿಕೆಟ್ ಇಲ್ಲದವರಲ್ಲಿ ಎರಡು ಥರ: ಒಬ್ಬ ನಿದ್ದೆ ಬಂದಂತೆ ನಟಿಸುತ್ತಾನೆ, ಇನ್ನೊಬ್ಬ ಕಿಟಕಿಯಾಚೆ ನೋಡುತ್ತಾನೆ. ಇದು ಅವರ ಲೆಕ್ಕ. ನಿವೃತ್ತರಾಗಿ ನಾಲ್ಕು ವರ್ಷವಾದರೂ ಆ ಕಣ್ಣು ಮಾತ್ರ ನಿವೃತ್ತಿ ತೆಗೆದುಕೊಂಡಿರಲಿಲ್ಲ. ಯಾರಾದರೂ ನಕ್ಕರೆ ಅನುಮಾನ, ನಗದೆ ಹೋದರೆ ಇನ್ನೂ ಅನುಮಾನ.

ಅನುಮಾನ ಬರದೇ ಇದ್ದದ್ದು ಅವರ ಕಾಲಿನ ಮೇಲೆ ಮಾತ್ರ. ಮೂರು ತಿಂಗಳ ಹಿಂದೆ ಭಾಲ್ಕಿಗೆ ಹೋಗಲು ಬಸ್ ಸ್ಟ್ಯಾಂಡಿಗೆ ಹೋಗಿದ್ದರು. ಬಸ್ಸಿನ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟರು. ಮೈ ಏಳಲಿಲ್ಲ. ಕಂಡಕ್ಟರ್ ಒಳಗಿನಿಂದ ಕೈ ಹಿಡಿದು ಎಳೆದ. ಯಾರೋ ಹಿಂದಿನಿಂದ ಸೊಂಟಕ್ಕೆ ಕೈ ಕೊಟ್ಟು ನೂಕಿದರು. ಬಸ್ಸಿನ ತುಂಬ ಜನ ನೋಡಿದರು. ಬಸ್ಸು ಹೊರಡುವ ಮೊದಲೇ ಇಳಿದು ಮನೆಗೆ ಬಂದ ಶ್ರೀಪಾದರಾವ್, ಹೆಂಡತಿ ಅಂಬೂಬಾಯಿಗೆ "ಬಸ್ಸು ಕೆಟ್ಟು ನಿಂತದ" ಎಂದು ಸುಳ್ಳು ಹೇಳಿದರು. ಅಂದಿನಿಂದ ಖುರ್ಚಿ ಬಿಟ್ಟು ಏಳಲಿಲ್ಲ.

ಒಂದು ದಿನ ಔರಾದಿನಿಂದ ಮಗಳು ಮಾನಸಿಯ ಫೋನ್ ಬಂತು. ಎರಡೂವರೆ ತಿಂಗಳಿಗೆ ಹೊಸ ಮನೆಯ ಗೃಹಪ್ರವೇಶ.

"ಅಪ್ಪಾ, ಎರಡು ದಿನ ಮೊದಲೇ ಬರಬೇಕು ನೋಡ್ರಿ."

"ನಿಮ್ಮವ್ವ ಬರ್ತಾಳ. ಆಕಿಗಿ ಹ್ಯಾಂಗೂ ಬಸ್ಸು ಪುಕ್ಕಟ. ನಾ ಫೋನಿನಾಗ ನೋಡ್ತೇನಿ."

"ಕಾರ್ ಕಳಸ್ಲೇನು?"

"ಕಾರ್ ಕಳಸಿದ್ರ ನಿಮ್ಮಪ್ಪ ಹಾಸಿಗಿ ಹಿಡದಾನಂತ ಊರಿಗೆಲ್ಲ ಡಂಗುರ ಹೊಡದಂಗ. ಬ್ಯಾಡ."

ಫೋನ್ ಇಟ್ಟ ಮೇಲೆ ಅವರಿಗೆ ಊಟ ಸೇರಲಿಲ್ಲ. ಒಬ್ಬಳೇ ಮಗಳು. ಸಾಲ ಸೋಲ ಇಲ್ಲದೆ, ಅವಳೇ ನಿಂತು ಕಟ್ಟಿಸಿದ ಮನೆ. ಅದರ ಹೊಸ್ತಿಲನ್ನು ತಾನು ದಾಟುವುದಿಲ್ಲ ಎಂದು ತಾನೇ ಹೇಳಿದ್ದಾಯಿತು.

ಆ ದಿನಗಳಲ್ಲೇ ಅವರ ಗಮನಕ್ಕೆ ಒಂದು ಸಂಗತಿ ಬಂತು. ಅಂಬೂಬಾಯಿ ಸಂಜೆ ಐದಕ್ಕೆ "ವಾಕಿಂಗ್" ಎಂದು ಹೊರಡುವುದು, ಆರೂವರೆಗೆ ನಗುತ್ತ ಬರುವುದು ಹಳೆಯ ಮಾತು. ಹೊಸದೆಂದರೆ ಬಾಬುಮಿಯಾ. ಸೈಕಲ್ ದುಕಾನನ್ನು ಮಗನಿಗೆ ಒಪ್ಪಿಸಿ ಆರಾಮಾಗಿದ್ದ ಮನುಷ್ಯ, ದಿನಾ ಹೊತ್ತು ಮುಳುಗುವ ಮೊದಲು ಗೇಟಿನ ಮೇಲಿಂದ ಇಣುಕುತ್ತಿದ್ದ.

"ಟೈಮ್ ಎಷ್ಟಾಯ್ತು, ರಾವ್ ಸಾಬ್?" ಅವನ ಕೈಯಲ್ಲೇ ಗಡಿಯಾರವಿತ್ತು.

ಮರುದಿನ, "ಕರಿಬೇವು ಅದೇನ್ರಿ ನಿಮ್ಮ ಮನ್ಯಾಗ?"

ಕೇಳಿ, ಇವರನ್ನು ಮೇಲಿಂದ ಕೆಳಗೆ ನೋಡಿ, ಆಮೇಲೆ ಮಲ್ಲಿಗೆ ಬಳ್ಳಿಯ ಕಡೆ ಮುಖ ತಿರುಗಿಸಿದ. ಕಿಟಕಿಯಾಚೆ ನೋಡುವವರ ಜಾತಿ ಇದು, ಮನೆ ನೋಡಿಟ್ಟುಕೊಳ್ಳುತ್ತಿದ್ದಾನೆ ಎಂದು ಶ್ರೀಪಾದರಾವ್ ನಿಶ್ಚಯಿಸಿದರು.

ಮೂರನೆಯ ದಿನ ಹಿಂದಿನ ಓಣಿಯ ಎಡಿತಬಾಯಿ ಬಂದರು. ನರ್ಸ್ ಆಗಿ ನಿವೃತ್ತರಾದವರು. ಓಣಿಗೆಲ್ಲ ಸಿಸ್ಟರ್.

"ಸಂಜಿ ಐದಕ್ಕ ಬೇವಿನ ಮರದ ಬಯಲಿಗಿ ಬರ್ರಿ. ಹತ್ತು ಹನ್ನೆರಡು ಮಂದಿ ಸೇರ್ತೀವಿ. ಜರಾ ಕೈಕಾಲು ಆಡಸ್ತೀವಿ, ಮಾತಾಡ್ತೀವಿ."

"ಏನು ಮಾರ್ತೀರಿ? ಎಣ್ಣಿನೋ, ಬೆಲ್ಟೋ?"

"ಏನೂ ಮಾರಲ್ರಿ."

"ಹಂಗಾರ ಇಲೆಕ್ಷನ್‌ಗೆ ಯಾರು ನಿಲ್ಲವರು?"

"ಎಲ್ಲಾರೂ ನಿಲ್ತೀವ್ರಿ. ಖುರ್ಚಿಯಿಂದ ಎದ್ದು ನಿಲ್ಲೋದನ್ನೇ ಕಲೀಲತ್ತೀವಿ."

"ಮುಫತ್ತಿನಾಗ ಯಾರೂ ಯಾರನ್ನೂ ಕರಿಯಲ್ಲ ಸಿಸ್ಟರ್. ಮೂವತ್ತು ವರ್ಷ ನೋಡೀನಿ."

ಎಡಿತಬಾಯಿ ನಗುತ್ತ ಹೋದರು. ಗೇಟಿನಾಚೆ ನಿಂತು ಒಂದು ವಹಿಯಲ್ಲಿ ಏನೋ ಬರೆದುಕೊಂಡರು. ಅದನ್ನು ಶ್ರೀಪಾದರಾವ್ ಕಂಡರು. ಸಾಕಾಯಿತು. ನಾಳೆ ತಪಾಸಣೆ.

ಮರುದಿನ ಅಂಬೂಬಾಯಿ ಹೊರಟ ಕಾಲು ಗಂಟೆಯ ನಂತರ ಅವರೂ ಎದ್ದರು. ನೇರ ರಸ್ತೆಯಲ್ಲಿ ಹೋದರೆ ಯಾರ ಕಣ್ಣಿಗಾದರೂ ಬೀಳುತ್ತಾರಲ್ಲ, ಅದಕ್ಕೆ ಹಿಂದಿನ ಓಣಿ ಹಿಡಿದರು. ಗೋಡೆ ಹಿಡಿದು ನಡೆದರು. ಮೂರು ಕಡೆ ನಿಂತು ಉಸಿರು ತೆಗೆದುಕೊಂಡರು. ಬಯಲಿನಲ್ಲಿ ಹನ್ನೆರಡು ಜನ ಖುರ್ಚಿ ಹಾಕಿಕೊಂಡು ಏಳುತ್ತಿದ್ದರು, ಕೂಡುತ್ತಿದ್ದರು. ಎಣಿಸುವವರು ಸರದಿಯ ಮೇಲೆ. ಒಂದು ಸುತ್ತು ಎಡಿತಬಾಯಿಯ ಕನ್ನಡದಲ್ಲಿ, ಒಂದು ಸುತ್ತು ಬಾಬುಮಿಯಾನ ಏಕ್ ದೋ ತೀನ್, ಇನ್ನೊಂದು ಅಂಬೂಬಾಯಿಯ ಮರಾಠಿಯಲ್ಲಿ. ಯಾರೋ ಎಣಿಕೆ ತಪ್ಪಿದರು, ಎಲ್ಲರೂ ನಕ್ಕರು.

"ಯಾರೂ ಅಲ್ಲಾಡಬ್ಯಾಡ್ರಿ! ಆ ವಹಿ ತೋರಸ್ರಿ!" ಶ್ರೀಪಾದರಾವ್ ಬಸ್ಸಿನ ದನಿಯಲ್ಲಿ ಕೂಗಿದರು.

ಬಾಬುಮಿಯಾ ಎರಡೂ ಕೈ ಮೇಲೆತ್ತಿದ. ಎಡಿತಬಾಯಿ ಸುಮ್ಮನೆ ವಹಿ ಕೊಟ್ಟರು. ಅದರಲ್ಲಿ ಹೆಸರುಗಳು. ಕೊನೆಯ ಹೆಸರು ಅವರದೇ. ಅದರ ಮುಂದೆ ಹೀಗಿತ್ತು: ಬಂದಿಲ್ಲ, ಬಾಬುಮಿಯಾ ನೋಡಿ ಬಂದರು, ಕೂತಿದ್ದಾರೆ. ಬಂದಿಲ್ಲ, ಕೂತಿದ್ದಾರೆ. ಬಂದಿಲ್ಲ, ಸಿಸ್ಟರ್ ನೋಡಿ ಬಂದರು, ಸೊರಗಿದ್ದಾರೆ.

"ಇದೇನಿದು?"

"ನಮ್ಮ ಕಾಯ್ದೆ ರಿ," ಎಂದರು ಎಡಿತಬಾಯಿ. "ವಹ್ಯಾಗ ಹೆಸರಿದ್ದವರು ಬರಲಿಲ್ಲಂದ್ರ ಹೊತ್ತು ಮುಳುಗೋದ್ರಾಗ ಯಾರಾದ್ರೂ ಹೋಗಿ ಕಣ್ಣಾರೆ ನೋಡಬೇಕು. ಫೋನ್ ನಡಿಯಲ್ಲ. ಹೋದ ವರ್ಷ ನಮ್ಮವರೊಬ್ಬರು ಬಚ್ಚಲದಾಗ ಬಿದ್ದು ಮರುದಿನದ ತನಕ ಹಂಗೇ ಇದ್ರು. ಯಾರಿಗೂ ಗೊತ್ತಾಗಲಿಲ್ಲ."

"ನನ್ನ ಹೆಸರು ಯಾರು ಬರಸಿದ್ರು?"

"ನಾನೇ," ಎಂದರು ಅಂಬೂಬಾಯಿ. "ಬಸ್ಸು ಕೆಟ್ಟಿರಲಿಲ್ಲಂತ ನನಗ ಅವತ್ತೇ ಗೊತ್ತಿತ್ತು."

ಶ್ರೀಪಾದರಾವ್ ವಹಿ ಮುಚ್ಚಿ ಕೊಟ್ಟರು. ಬಾಬುಮಿಯಾನ ಕಡೆ ತಿರುಗಿದರು.

"ಮತ್ತ ಟೈಮ್ ಯಾಕ ಕೇಳ್ದಿ?"

"ಹ್ಯಾಂಗದೀರಿ ಅಂತ ಕೇಳಿದ್ರ ನೀವು ಟಿಕೆಟ್ ತೋರಸು ಅಂತೀರಂತ ಅಂಜಿಕಿ ಆಯ್ತು, ಸಾಬ್."

"ಈಗ ಕೂಡ್ರಿ," ಎಂದು ಎಡಿತಬಾಯಿ ಖುರ್ಚಿ ಸರಿಸಿದರು. "ನಾಕು ನೂರು ಹೆಜ್ಜಿ ನಡದೀರಿ."

"ನಾ ತಪಾಸಣೆಗೆ ಬಂದೀನಿ. ವ್ಯಾಯಾಮಕ್ಕಲ್ಲ."

"ಕಾಲಿಗೆ ಅದೇನು ಗೊತ್ತಾಗ್ತದ್ರಿ?"

ಆಗ ಶ್ರೀಪಾದರಾವ್ ದನಿ ತಗ್ಗಿಸಿ ಬಸ್ಸಿನ ಮೆಟ್ಟಿಲ ಸಂಗತಿ ಹೇಳಿದರು. ಗೃಹಪ್ರವೇಶದ ಮಾತನ್ನೂ ಹೇಳಿದರು.

"ನೋಡ್ರಿ, ಇದರಾಗ ವಯಸ್ಸಿನ ಪಾಲು ಅರ್ಧ, ಖುರ್ಚಿ ಪಾಲು ಅರ್ಧ," ಎಂದರು ಸಿಸ್ಟರ್. "ಕೂತಷ್ಟು ತೊಡಿ ಸೋಲ್ತಾವ, ಮಾತಾಡದಿದ್ರ ಮನಸ್ಸು ಸೋಲ್ತದ. ವಯಸ್ಸಿಂದು ನನ್ನ ಕೈಯಾಗಿಲ್ಲ. ಖುರ್ಚಿದು ನೋಡೋಣು. ಮೊದಲು ಡಾಕ್ಟರಿಗೆ ಬಿ.ಪಿ., ಶುಗರ್ ತೋರಿಸ್ಕೊಂಡು ಬರ್ರಿ. ಎದಿ ನೋವು, ತಲಿ ತಿರುಗೋದು ಬಂದ್ರ ಅವತ್ತೇ ಎಲ್ಲಾ ಬಂದ್."

"ಮಗಳ ಮನಿಗಿ ಹೋಗೋದು ಆಗ್ತದೇನು?"

"ಸುಳ್ಳು ಹೇಳಲ್ರಿ. ಗೊತ್ತಿಲ್ಲ."

ಆ ಉತ್ತರವೇ ಶ್ರೀಪಾದರಾವ್ ಮನಸ್ಸಿಗೆ ನಾಟಿತು. ಮಾರುವವರು ಯಾರೂ ಹೀಗೆ ಹೇಳುವುದಿಲ್ಲ.

ಮೊದಲ ವಾರ ಕೈ ಊರಿ ಐದು ಸಲ ಏಳುವುದು. ಆಮೇಲೆ ಹತ್ತು ಸಲ, ಕೈ ಊರದೆ. ತಿಂಗಳಾದ ಮೇಲೆ ಗೋಡೆ ಹಿಡಿದು ಕಟ್ಟೆ ಹತ್ತಿ ಇಳಿಯುವುದು. ನಡುವೆ ಒಂದು ವಾರ ಮಂಡಿ ನೋವೆಂದು ಬಿಟ್ಟರು. ಬಾಬುಮಿಯಾ ಬಂದು ಕಣ್ಣಾರೆ ನೋಡಿ ಹೋದ. ಮತ್ತೆ ಹೋದರು. ಬಾರದವರ ಮನೆಗೆ ಹೋಗುವ ಕೆಲಸ ಈಗ ಅವರದೇ ಆಯಿತು. ಯಾರಾದರೂ ನೆಗಡಿ ಎಂದರೆ "ಸೀನಿ ತೋರಸ್ರಿ" ಎನ್ನುತ್ತಿದ್ದರು. ಅವರಿಗೆ ಹೆದರಿ ಗುಂಪಿನಲ್ಲಿದ್ದ ದಸ್ತಗೀರ ಮಳೆಯಲ್ಲೂ ಛತ್ರಿ ಹಿಡಿದು ಬಂದ. ಅನುಮಾನ ಹೋಗಲಿಲ್ಲ, ಆದರೆ ಅದಕ್ಕೆ ನಾಲ್ಕು ಮನೆ ತಿರುಗುವ ಕೆಲಸ ಸಿಕ್ಕಿತು.

ಗೃಹಪ್ರವೇಶಕ್ಕೆ ಎರಡು ದಿನ ಮೊದಲು ಗಂಡ ಹೆಂಡತಿ ಬಸ್ ಸ್ಟ್ಯಾಂಡಿಗೆ ಬಂದರು. ಔರಾದಿನ ಬಸ್ಸು ನಿಂತಿತ್ತು.

"ಕೈ ಕೊಡ್ರಿ ಅಜ್ಜಾ," ಎಂದ ಕಂಡಕ್ಟರ್.

"ನಿನ್ನ ಕೈ ನಿನ್ನ ಟಿಕೆಟ್ ಮಶೀನಿನ ಮ್ಯಾಲಿರಲಿ."

ಕಂಬಿ ಹಿಡಿದರು. ಮೊದಲ ಸಲ ಆಗಲಿಲ್ಲ. ಹಿಂದಿನವರು ಗೊಣಗಿದರು. ಶ್ರೀಪಾದರಾವ್ ಉಸಿರು ಎಳೆದು, ಬಾಯಲ್ಲೇ ಒಂದು ಎರಡು ಎಂದು ಎಣಿಸಿ, ಮತ್ತೆ ಕಾಲು ಊರಿದರು. ಮೈ ಮೇಲೆದ್ದಿತು. ಎರಡನೆಯ ಮೆಟ್ಟಿಲು, ಮೂರನೆಯದು. ಮೇಲೆ ನಿಂತು ತಿರುಗಿ ಕೆಳಗಿದ್ದ ಅಂಬೂಬಾಯಿಗೆ ಕೈ ಚಾಚಿದರು.

"ಹತ್ತು, ಹತ್ತು. ನಾ ಹಿಡೀತೀನಿ."

ಓದುಗರೇ, ನೌಕರಿ ಮುಗಿದರೂ ಕಾಲಿನ ಕೆಲಸ, ನಾಲಿಗೆಯ ಕೆಲಸ ಮುಗಿಯುವುದಿಲ್ಲ. ಇಂದು ಸಂಜೆ ನಿಮ್ಮ ಖುರ್ಚಿಯಿಂದ ಎದ್ದು ಒಬ್ಬರ ಮನೆಗೆ ನಡೆದು ಹೋಗಿ, ಹ್ಯಾಂಗದೀರಿ ಎಂದು ಕೇಳಿ. ನಾಲ್ಕು ಜನ ಸೇರಿದರೆ ಒಂದು ವಹಿ ಇಡಿ, ಬಾರದವರನ್ನು ನೋಡಿ ಬನ್ನಿ. ಹೊಸ ವ್ಯಾಯಾಮ ಶುರು ಮಾಡುವ ಮೊದಲು ಡಾಕ್ಟರನ್ನು ಕೇಳಿ.

ಎಲ್ಲರ ಕಾಲಿಗೂ ಇದು ಆಗಿಬರುತ್ತದೆಯೋ ಇಲ್ಲವೋ ಗೊತ್ತಿಲ್ಲ. ಬರುವ ವರ್ಷ ಶ್ರೀಪಾದರಾವ್ ಆ ಮೆಟ್ಟಿಲು ಹತ್ತುತ್ತಾರೋ ಇಲ್ಲವೋ, ಅದೂ ಗೊತ್ತಿಲ್ಲ.