ಕಿವಿಯಲ್ಲಿ ನಿಲ್ಲದ ಸಾಲು

ಕಿಟಕಿಯ ಪಕ್ಕದಲ್ಲಿ, ಗೋಡೆಗೆ ಬೆನ್ನು ತಾಗಿಸಿ ಇಟ್ಟ ಒಂದು ಮರದ ಕುರ್ಚಿ. ಅದರ ಕಾಲೊಂದು ಗಿಡ್ಡ. ರದ್ದಾದ ಯಾವುದೋ ಕಾಯಿದೆಯ ತೆಳು ಪುಸ್ತಕವನ್ನು ಮಡಿಸಿ ಅದರ ಕೆಳಗೆ ತುರುಕಲಾಗಿದೆ. ಕೈಯೂರಿ ಕೈಯೂರಿ ತೋಳುಗಳ ತುದಿಯಲ್ಲಿ ಬಣ್ಣ ಹೋಗಿ ಒಳಗಿನ ಮರ ಜೇನಿನಂತೆ ಮಿನುಗುತ್ತಿದೆ. ಬೆಳಗಿನ ಬಿಸಿಲು ಕುರ್ಚಿಯ ಅರ್ಧದವರೆಗೆ ಬಂದು ನಿಂತಿದೆ. ಉಳಿದರ್ಧದಲ್ಲಿ ಒಂದು ಬಟ್ಟೆಯ ಚೀಲ, ಕುರ್ಚಿಯ ಬೆನ್ನಿಗೊರಗಿ, ಬಾಯಿ ತೆರೆದು ಕುಳಿತಿದೆ. ಅದರೊಳಗಿಂದ ಹಸಿರು ಚೀಟಿಗಳು ಇಣುಕುತ್ತಿವೆ. ಒಂದು ಚೀಟಿ ಜಾರಿ ನೆಲಕ್ಕೆ ಬಿದ್ದಿದೆ, ಬರಹ ಮೇಲಾಗಿ. ಕೋಣೆಯಲ್ಲಿ ಬೇರೇನೂ ಅಲ್ಲಾಡುವುದಿಲ್ಲ.

ಅದನ್ನು ಎತ್ತಿಕೊಳ್ಳಲು ನಾನು ಬಾಗಿದ್ದೇ ತಪ್ಪಾಯಿತೇನೋ. ಆ ಕ್ಷಣದಿಂದ ನನಗೆ ನೆಮ್ಮದಿಯಿಲ್ಲ.

ನಮ್ಮದು ಸಣ್ಣ ಕಚೇರಿ. ದೇಶದ ಕಾನೂನುಗಳು ಅಚ್ಚಾಗಿ ಬಂದಾಗ ಅವನ್ನು ಎಲ್ಲರಿಗೂ ಅರ್ಥವಾಗುವ ಮಾತಿನಲ್ಲಿ ಒಂದು ಹಾಳೆಗೆ ಇಳಿಸುವುದು ನಮ್ಮ ಕೆಲಸ. ಹಾಳೆಯ ಅಡಿಯಲ್ಲಿ ಹರಿದುಕೊಳ್ಳುವ ಹಸಿರು ಚೀಟಿ ಇರುತ್ತದೆ: 'ಈ ಕಾನೂನಿನ ಬಗ್ಗೆ ನಿಮ್ಮ ಅಭಿಪ್ರಾಯ.' ಜನ ಬರೆದು ಕಳಿಸುತ್ತಾರೆ. ನಾವು ಓದಿ, ವಿಂಗಡಿಸಿ, ಮೇಲಿನವರಿಗೆ ವರದಿ ಮಾಡುತ್ತೇವೆ. ಹಾಳೆ ಬರೆಯುವವನು ನಾನು. ನಿವೃತ್ತನಾದ ಮೇಲೂ ಕರೆಸಿಕೊಂಡಿದ್ದಾರೆ. ನನ್ನಂತೆ ಹೆಚ್ಚಿನ ಪದ ಕತ್ತರಿಸುವವನು ಸಿಗಲಿಲ್ಲವಂತೆ. ಹೊಸ ಕಾವ್ಯ ಓದುತ್ತ ಮುದುಕನಾದವನು ನಾನು. ಒಂದು ಪದ ಹೆಚ್ಚಾದರೂ ಸಾಲು ಉಸಿರುಗಟ್ಟುತ್ತದೆಂದು ನಂಬಿದವನು.

ಆ ಕುರ್ಚಿ ಕಿವಿಯದು. ಹಾಳೆ ಅಚ್ಚಿಗೆ ಹೋಗುವ ಮೊದಲು ಒಬ್ಬ ಹೆಂಗಸು ಬಂದು ಅಲ್ಲಿ ಕೂರುತ್ತಾಳೆ. ಐವತ್ತು ದಾಟಿದವಳು, ಕಾನೂನಿನ ಗಂಧ ಇಲ್ಲದವಳು. ಅದೇ ಅವಳ ಅರ್ಹತೆ. ನಾನು ಎರಡು ಸಲ ಓದುತ್ತೇನೆ, ಹಾಳೆ ಮಡಿಸಿಡುತ್ತೇನೆ, ಅವಳು ತನ್ನ ಮಾತಿನಲ್ಲಿ ತಿರುಗಿ ಹೇಳುತ್ತಾಳೆ. ಕಿವಿಯಲ್ಲಿ ನಿಲ್ಲದ್ದು ಕಾಗದದಲ್ಲೂ ನಿಲ್ಲಬಾರದು ಎಂಬುದು ನಮ್ಮ ನಿಯಮ. ಹದಿನಾಲ್ಕು ಕಾನೂನುಗಳನ್ನು ಹೀಗೆ ಅವಳಿಂದ ಸೋಸಿದ್ದೇವೆ. ನಮ್ಮೆಲ್ಲರ ಬಾಯಲ್ಲಿ ಅವಳು 'ಕಿವಿ'. ಅವಳ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿದೆ.

ನೆಲಕ್ಕೆ ಬಿದ್ದಿದ್ದ ಚೀಟಿ ಅವಳದು. ಚೀಟಿಗಳಿಗೆ ಹೆಸರಿರುವುದಿಲ್ಲ, ಆದರೆ ಗೆರೆ ಬಿಟ್ಟು ಮೇಲೇರುತ್ತ ಹೋಗುವ ಆ ಅಕ್ಷರಗಳನ್ನು ನಾನು ಬಲ್ಲೆ.

ಕಾನೂನು ಆರೈಕೆ ಮಾಡುವವರ ವಾಸದ ಹಕ್ಕಿನದು. ಏಳು ವರ್ಷ ಒಬ್ಬ ವೃದ್ಧರನ್ನು ಅವರ ಮನೆಯಲ್ಲೇ ಇದ್ದು ನೋಡಿಕೊಂಡವರನ್ನು, ಆ ವೃದ್ಧರು ತೀರಿಕೊಂಡ ಮೇಲೆ ವಾರಸುದಾರರು ಹೊರಹಾಕುವಂತಿಲ್ಲ. ಚೀಲದಲ್ಲಿದ್ದ ಅಭಿಪ್ರಾಯಗಳಿಗೆ ಲೆಕ್ಕವಿರಲಿಲ್ಲ. 'ನಾದಿನಿಗೆ ಓದಿ ಹೇಳಿದೆ, ಅವಳ ಮುಖ ನೋಡಬೇಕಿತ್ತು' ಎಂದು ಒಬ್ಬರು. 'ನಾಲ್ಕು ದಿನ ಔಷಧಿ ಕುಡಿಸಿದವರೆಲ್ಲ ಯಜಮಾನರಾದರೆ ಹೊಟ್ಟೆಯಲ್ಲಿ ಹುಟ್ಟಿದವರು ಬೀದಿ ಎಣಿಸಬೇಕೇ?' ಎಂದು ಇನ್ನೊಬ್ಬರು. 'ಕಾನೂನು ಚೆನ್ನಾಗಿದೆ, ಅಕ್ಷರ ಸಣ್ಣದಾಯಿತು' ಎಂದು ಮತ್ತೊಬ್ಬರು.

ಕಿವಿ ಬರೆದಿದ್ದಳು: 'ಯಾರನ್ನೂ ಬಾಯಿಬಿಟ್ಟು ಕೇಳದೆ ಉಳಿಯಬಹುದು ಅನ್ನುವುದೇ ಇದರಲ್ಲಿ ನನಗೆ ಹಿಡಿಸಿದ್ದು. ಈಗ ರಾತ್ರಿ ನಿದ್ದೆ ಬರುತ್ತಿದೆ.'

ಯಾರನ್ನೂ ಬಾಯಿಬಿಟ್ಟು ಕೇಳದೆ. ಓದಿದೆ, ಮತ್ತೆ ಓದಿದೆ. ಬೀರುವಿನಿಂದ ಮೂಲ ಕಾಯಿದೆಯನ್ನು ತೆಗೆದೆ. ಆರನೆಯ ಕಲಮಿನ ಕೊನೆಯಲ್ಲಿ ಅದು ಇತ್ತು: ವೃದ್ಧರು, ಬುದ್ಧಿ ಸ್ತಿಮಿತದಲ್ಲಿರುವಾಗಲೇ, ಅಧಿಕಾರಿಯ ಮುಂದೆ ತಮ್ಮ ಬಾಯಿಂದಲೇ ಒಪ್ಪಿಗೆ ಹೇಳಿ ಬರೆಸಿರಬೇಕು. ಬರೆಸದಿದ್ದರೆ ಹಕ್ಕಿಲ್ಲ.

ಕಿವಿಗೆ ಈ ಹಾಳೆ ಓದಿದ ದಿನ ನೆನಪಾಯಿತು. ಈ ಸಾಲನ್ನು ನಾನು ಓದಿದ್ದೆ. ಕಿವಿ ಉಳಿದದ್ದನ್ನೆಲ್ಲ ನೀರು ಕುಡಿದಷ್ಟು ಸಲೀಸಾಗಿ ಹೇಳಿ ಇದೊಂದನ್ನು ಬಿಟ್ಟಳು. ಸಾಲನ್ನು ತಿದ್ದಿ ಓದಿದೆ, ಬಿಟ್ಟಳು. ಇನ್ನಷ್ಟು ಚಿಕ್ಕದು ಮಾಡಿದೆ, ಮತ್ತೆ ಬಿಟ್ಟಳು. ಸಾಲಿನಲ್ಲೇ ದೋಷವಿರಬೇಕೆಂದುಕೊಂಡೆ. ಹಾಳೆಯ ಅಡಿಯಲ್ಲಿ ಬೇರೆಯಾಗಿ ಹಾಕೋಣವೆಂದು ಹೊಡೆದುಹಾಕಿದೆ. ಆಮೇಲೆ ಮೇಲಿನ ಸಾಲು ಒಂಟಿಯಾಗಿ ಎಷ್ಟು ಚೆಂದ ನಿಂತಿತ್ತೆಂದರೆ, ಅಡಿಯಲ್ಲಿ ಹಾಕುವುದನ್ನು ಮರೆತೆ. ಮರೆತೆನೋ, ಮರೆಯಲು ಬಿಟ್ಟೆನೋ, ಈಗ ಹೇಳಲಾರೆ. 'ನೀವು ಏಳು ವರ್ಷ ಕಾಯ್ದ ಮನೆಯಿಂದ ನಿಮ್ಮನ್ನು ಯಾರೂ ಹೊರಗೆ ಹಾಕುವಂತಿಲ್ಲ.' ಅದನ್ನು ಬರೆದ ಸಂಜೆ ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡು ನಡೆದಿದ್ದೆ.

ಕಚೇರಿಯ ಮುಖ್ಯಸ್ಥೆಯ ಮುಂದೆ ಹಾಳೆಯನ್ನೂ ಕಾಯಿದೆಯನ್ನೂ ಇಟ್ಟೆ. ಅವರು ಎರಡನ್ನೂ ಓದಿ ಕನ್ನಡಕ ತೆಗೆದರು.

"ಎಷ್ಟು ಹಂಚಿದೀವಿ?"

"ನಲವತ್ತು ಸಾವಿರ."

"ಅಭಿಪ್ರಾಯದ ವರದಿ?"

"ಮೊದಲ ಕಂತಿನದು ನಿನ್ನೆ ಹೋಯ್ತು. ನೂರಕ್ಕೆ ಎಂಬತ್ತೊಂದು ಜನ ಒಪ್ಪಿದಾರೆ."

"ಏನನ್ನ ಒಪ್ಪಿದಾರೆ?"

ಅವರೇ ಹೇಳಿದರು: "ಇಲ್ಲದೇ ಇರೋ ಕಾನೂನನ್ನ. ಚೆನ್ನಾಗಿದೆ. ಕೂತ್ಕೊಂಡು ತಿದ್ದುಪಡಿ ಹಾಳೆ ಬರೀರಿ."

"ಬರೀತೀನಿ. ಅದಕ್ಕೆ ಮೊದಲು ಒಂದು ಮನೆಗೆ ಹೋಗಿ ಬರ್ತೀನಿ."

ಕಿವಿ ತನ್ನ ತೀರಿಕೊಂಡ ಗಂಡನ ಸೋದರತ್ತೆಯನ್ನು ಹನ್ನೊಂದು ವರ್ಷಗಳಿಂದ ನೋಡಿಕೊಳ್ಳುತ್ತಿದ್ದಳು. ಮಕ್ಕಳಿಲ್ಲದ ಆ ಮುದುಕಿಗೆ ತೊಂಬತ್ತರ ಹತ್ತಿರ. ಮನೆಗೆ ವಾರಸುದಾರರು ಕಿವಿಯ ಇಬ್ಬರು ಭಾವಂದಿರು. ಮುದುಕಿಯ ನೆನಪು ಬೆಳಿಗ್ಗೆ ತೊಳೆದಿಟ್ಟ ಗಾಜಿನಂತಿರುತ್ತದೆ, ಹನ್ನೊಂದರ ಹೊತ್ತಿಗೆ ಮಸುಕಾಗುತ್ತದೆ ಎಂದು ಅವಳೇ ಒಮ್ಮೆ ಹೇಳಿದ್ದಳು. ಮಸುಕು ದಿನದಿಂದ ದಿನಕ್ಕೆ ಬೇಗ ಬರುತ್ತಿದೆ ಎಂದೂ.

ಮೂರನೆಯ ಮಹಡಿ. ಮೆಟ್ಟಿಲ ತಿರುವಿನಲ್ಲಿ ನಿಂತು ಉಸಿರು ತೆಗೆದುಕೊಂಡೆ. ಕಿವಿ ಬಾಗಿಲು ತೆರೆದಳು, ಕೈಯಲ್ಲಿ ನೇಲ್ ಕಟರ್.

"ಓಹೋ, ಅಣ್ಣ! ಹೊಸ ಕಾನೂನಾ? ಕಿವಿ ಬರಲಿಲ್ಲ ಅಂತ ಬಾಯೇ ಬಂತು ನೋಡಿ!"

ಮಂಚದ ಮೇಲೆ ಮುದುಕಿ ಒಂದು ಕೈ ಚಾಚಿ ಮಲಗಿದ್ದಳು. ಮಧ್ಯಾಹ್ನವಾಗಿತ್ತು, ಕಣ್ಣು ತೆರೆದಿದ್ದರೂ ಯಾರನ್ನೂ ನೋಡುತ್ತಿರಲಿಲ್ಲ. ನಾನು ಕಿವಿಯನ್ನು ಅಡುಗೆಮನೆಗೆ ಕರೆದು ತಪ್ಪೊಪ್ಪಿಕೊಂಡೆ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ಕೇಳಿಸಿಕೊಂಡಳು.

"ಆ ಸಾಲು ನೀವು ಓದಿದ್ರಿ," ಎಂದಳು ಕೊನೆಗೆ.

"ಮೂರು ಸಲ. ನೀನು ಮೂರು ಸಲವೂ ಬಿಟ್ಟೆ."

"ಬಿಟ್ಟೆ." ನಲ್ಲಿಯ ಕಡೆ ತಿರುಗಿ ನಿಂತಳು. "ಕೇಳಿಸ್ತು ಅಣ್ಣ. ಚೆನ್ನಾಗೇ ಕೇಳಿಸ್ತು. ಒಳಗೆ ಇಳೀಲಿಲ್ಲ ಅಷ್ಟೆ. ಅತ್ತೆ ಹತ್ರ ಹೋಗಿ, ನೀವು ಸತ್ತ ಮೇಲೆ ಮನೆ ನನಗಿರಲಿ ಅಂತ ಹೇಳಿ ಅನ್ನೋದಾ? ಅನ್ನ ಕಲಸಿದ ಕೈಯಲ್ಲೇ ಕಾಗದ ಹಿಡಿಯೋದಾ?"

"ಮನೆ ಅಲ್ಲಮ್ಮ, ವಾಸ..."

"ಅತ್ತೆ ಕಣ್ಣಿಗೆ ಎರಡೂ ಒಂದೇ. ಹನ್ನೊಂದು ವರ್ಷ ಇದಕ್ಕೇ ಮಾಡಿದಳು ಅಂತಾರೆ. ಮುಪ್ಪಿನಲ್ಲಿ ಅವರಿಗೆ ಆ ಅನುಮಾನ ಕೊಟ್ಟು ಕಳಿಸಲಾ?"

"ಕೇಳದಿದ್ರೆ ನೀನು ಎಲ್ಲಿಗೆ ಹೋಗ್ತೀ?"

ಅವಳು ನಕ್ಕಳು. "ದೊಡ್ಡ ಭಾವ ಹೋದ ತಿಂಗಳು ಅಳತೆ ಟೇಪು ತಂದಿದ್ರು. ಅತ್ತೆ ಮಂಚದ ಕೆಳಗೂ ಬಗ್ಗಿ ಅಳೆದರು. ಅತ್ತೆ ಕೇಳಿದರು, ಏನಪ್ಪಾ, ನನ್ನ ಚಟ್ಟಕ್ಕೆ ಅಳತೆಯಾ ಅಂತ. ಅವರು ಎದ್ದು ಹೋದ ಮೇಲೆ ನಾವಿಬ್ಬರೂ ನಕ್ಕಿದ್ದೇ ನಕ್ಕಿದ್ದು. ಆವಾಗ ನಿಮ್ಮ ಹಾಳೆ ಇಲ್ಲಿ, ಈ ಡಬ್ಬಿ ಕೆಳಗೇ ಇತ್ತು. ಅದಕ್ಕೇ ನಗು ಬಂತು."

ನನ್ನ ಹಾಳೆ ಇನ್ನೂ ಅಲ್ಲೇ ಇತ್ತು, ಎಣ್ಣೆಯ ವೃತ್ತವೊಂದನ್ನು ಹೊತ್ತುಕೊಂಡು. ನನ್ನ ಚೆಂದದ ಸಾಲು ಸರಿಯಾಗಿ ಆ ವೃತ್ತದ ನಡುವೆ ಬಂದಿತ್ತು.

"ನೀನು ಕೇಳಬೇಡ. ತಪ್ಪು ನನ್ನದು, ಬಾಯಿಯೂ ನನ್ನದೇ ಇರಲಿ," ಎಂದೆ.

ಅವಳು ಒಲೆಯ ಕಟ್ಟೆಯನ್ನು ಒರೆಸತೊಡಗಿದಳು. ಅದು ಆಗಲೇ ಒರೆಸಿದ್ದ ಕಟ್ಟೆ.

ಮರುದಿನ ಎಂಟು ಗಂಟೆಗೆ ಹೋದೆ. ಮುದುಕಿ ದಿಂಬಿಗೊರಗಿ ಕುಳಿತಿದ್ದಳು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇದ್ಯಾರೇ ಹುಡುಗಿ, ಇಷ್ಟು ಹೊತ್ತಿಗೇ ಮುಖ ಸಪ್ಪಗೆ ಮಾಡ್ಕೊಂಡು ಬಂದೋರು? ಯಾರಾದ್ರೂ ಸತ್ತರಾ, ಇಲ್ಲಾ ನಾನೇನಾ?" ಎಂದಳು. ಐವತ್ತೆರಡರ ಕಿವಿ ಆ ಮನೆಯಲ್ಲಿ ಹುಡುಗಿ.

"ಹಾಳೆ ಬರೆಯೋ ಅಣ್ಣ, ಅತ್ತೆ," ಎಂದಷ್ಟೇ ಹೇಳಿ ಕಿವಿ ಅಡುಗೆಮನೆಗೆ ಸರಿದಳು. ಪಾತ್ರೆಯ ಸದ್ದು ಮಾತ್ರ ಬರಲಿಲ್ಲ.

ನಾನು ಓದಿದೆ, ಈ ಸಲ ಪೂರ್ತಿ. ಅಭ್ಯಾಸಬಲದಿಂದ ಎರಡು ಸಲ ಓದಿ ಹಾಳೆ ಮಡಿಸಿದೆ. ಮುದುಕಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ನನಗೆ ಗಡಿಯಾರದ ಮೇಲೇ ಕಣ್ಣು.

"ಅಂದ್ರೆ," ಎಂದಳು, "ಬದುಕಿರುವಾಗ ನಾನು ಬಾಯಿ ಬಿಡಬೇಕು. ಬಿಡದೆ ಸತ್ತರೆ ಇವಳು ಬೀದಿಗೆ. ಇಷ್ಟೇ ತಾನೇ? ಇದಕ್ಕೆ ಯಾಕಪ್ಪ ಒಂದು ಹಾಳೆ?"

ನಾನು ನಲವತ್ತು ವರ್ಷ ಬರೆದಿದ್ದೆ. ಅಷ್ಟು ಬಿಗಿಯಾದ ಸಾಲನ್ನು ಬರೆದಿರಲಿಲ್ಲ. ಜೇಬಿನಿಂದ ಪೆನ್ನು ತೆಗೆದು ಮಡಿಸಿದ ಹಾಳೆಯ ಬೆನ್ನಿಗೆ ಗುರುತು ಹಾಕಿಕೊಂಡೆ.

"ಏ ಹುಡುಗೀ!" ಮುದುಕಿ ಕೂಗಿದಳು. "ನೀನ್ಯಾಕೆ ಹೇಳಲಿಲ್ಲ?"

ಅಡುಗೆಮನೆಯಲ್ಲಿ ನಲ್ಲಿ ತಿರುಗಿಸಿದ ಸದ್ದು.

"ಬಾಯಿಲ್ಲದೋಳು. ನನಗೆ ಬೈಯೋಕೆ ಮಾತ್ರ ಮಾರುದ್ದ ನಾಲಿಗೆ. ಕರೆಸಪ್ಪ ಆ ಅಧಿಕಾರಿನ. ಬೆಳಿಗ್ಗೇನೇ ಕರೆಸು. ಆಮೇಲೆ ನಾನು ನಾನಾಗಿರಲ್ಲ."

ಅರ್ಜಿ ಕೊಡುವಾಗ ಒಂಬತ್ತು ಗಂಟೆ ಎಂದು ಎರಡು ಕಡೆ ಬರೆದೆ. ಕಚೇರಿಗೆ ಮರಳಿ ತಿದ್ದುಪಡಿ ಹಾಳೆಗೆ ಕುಳಿತೆ. ಮುದುಕಿಯ ಸಾಲನ್ನು ಮೊದಲು ಹಾಕಿದೆ, ದಪ್ಪ ಅಕ್ಷರದಲ್ಲಿ. ಚೀಲದಲ್ಲಿ ಹಸಿರು ಚೀಟಿಗಳು ಹೆಚ್ಚುತ್ತಲೇ ಇದ್ದವು. ಒಪ್ಪಿದೆ, ಒಪ್ಪಿದೆ, ಒಪ್ಪಿದೆ. ಎಷ್ಟು ಅಡುಗೆಮನೆಗಳಲ್ಲಿ ಎಷ್ಟು ಡಬ್ಬಿಗಳ ಕೆಳಗೆ ನನ್ನ ಹಾಳೆ ಇದೆಯೋ ಎಂದು ರಾತ್ರಿ ಎದ್ದು ಕೂರುತ್ತಿದ್ದೆ.

ಶುಕ್ರವಾರ ಅಧಿಕಾರಿ ಬಂದದ್ದು ಹತ್ತು ಇಪ್ಪತ್ತೈದಕ್ಕೆ. ತೆಳ್ಳಗಿನ ಮನುಷ್ಯ, ಕಂಕುಳಲ್ಲಿ ದಪ್ಪ ಪುಸ್ತಕ. "ಲಿಫ್ಟ್ ಇಲ್ಲ ಅಂತ ಅರ್ಜಿಯಲ್ಲಿ ಬರೆಯೋಕಾಗಲ್ವಾ?" ಎಂದು ಏದುಸಿರು ಬಿಡುತ್ತ ಕುಳಿತು ನೀರು ಕುಡಿದ. ಸಾಕ್ಷಿಯಾಗಿ ನನ್ನನ್ನು ಗೋಡೆಯ ಪಕ್ಕ ನಿಲ್ಲಿಸಿದ. ಮುದುಕಿಯ ಎರಡು ಬೆರಳು ಹೊದಿಕೆಯ ಅಂಚನ್ನು ಮಡಿಸಿ ಬಿಡಿಸಿ ಮಾಡುತ್ತಿದ್ದವು. ಮಸುಕು ಬರುವ ಮೊದಲ ಗುರುತು ಅದು ಎಂದು ಕಿವಿಯ ಮುಖ ನನಗೆ ಹೇಳಿತು.

"ಅಮ್ಮಾ, ಇವರು ನಿಮ್ಮ ಜೊತೆ ಎಷ್ಟು ವರ್ಷದಿಂದ ಇದಾರೆ?"

"ಯಾರು?" ಎಂದಳು ಮುದುಕಿ. ಆಮೇಲೆ, "ಇವಳಾ? ನಾನು ಏಳೋಕೆ ಮುಂಚೆ ಏಳೋಳು ಇವಳು. ಹನ್ನೊಂದು ವರ್ಷದಿಂದ."

"ನೀವು ಹೋದ ಮೇಲೆ ಇವರು ಎಲ್ಲಿರಬೇಕು?"

"ಇಲ್ಲೇ. ಇನ್ನೆಲ್ಲಿ?"

ಅಧಿಕಾರಿ ಮಾತ್ರ ಬರೆಯಲಿಲ್ಲ. ಪುಸ್ತಕದ ಒಳರಟ್ಟಿಗೆ ಅಂಟಿಸಿದ್ದ ಸೂಚನೆಯ ಮೇಲೆ ಬೆರಳಾಡಿಸಿ ತಲೆಯೆತ್ತಿದ.

"ತಪ್ಪಾಯ್ತು, ಮೊದಲೇ ಹೇಳಬೇಕಿತ್ತು. ಹಕ್ಕು ಪಡೆಯೋರು ಹೇಳಿಕೆ ಹೊತ್ತಲ್ಲಿ ಕೋಣೇಲಿ ಇರೋ ಹಾಗಿಲ್ಲ. ಇವರು ಆಚೆ ಹೋದ ಮೇಲೆ ಅಮ್ಮ ಇನ್ನೊಂದು ಸಲ ಹೇಳಬೇಕು. ಯಾರೂ ನೆನಪು ಮಾಡಿಕೊಡೋ ಹಾಗಿಲ್ಲ."

ಎರಡು ಸಲ ಕೇಳಿಸಿ, ಹಾಳೆ ಮಡಿಸಿ, ನೆನಪಿನಿಂದ ತಿರುಗಿ ಹೇಳಿಸುವುದು. ಇಷ್ಟು ವರ್ಷ ಕಿಟಕಿಯ ಪಕ್ಕದ ಆ ಕುರ್ಚಿಯಲ್ಲಿ ನಾವು ಆಡಿದ್ದು ಇದೇ ಆಟ. ಗೋಡೆಯ ಗಡಿಯಾರದಲ್ಲಿ ಹತ್ತು ನಲವತ್ತು.

ಕಿವಿ ಮಂಚದ ಅಂಚಿನಿಂದ ಎದ್ದಳು. ಹೊದಿಕೆಯನ್ನು ಎಳೆದು ಮುದುಕಿಯ ಪಾದಗಳಿಗೆ ಸರಿಯಾಗಿ ಹೊದಿಸಿದಳು. ಏನೋ ಹೇಳಲು ತುಟಿ ತೆರೆದು, ಅಧಿಕಾರಿಯತ್ತ ನೋಡಿ ಮುಚ್ಚಿಕೊಂಡಳು.

"ಎಲ್ಲಿಗೆ ಹೊರಟೆಯೇ?" ಮುದುಕಿ ಕೇಳಿದಳು.

"ಇಲ್ಲೇ ಅತ್ತೆ, ಮೆಟ್ಟಿಲ ಹತ್ರ."

"ಬೇಗ ಬಾ."

ಬಾಗಿಲ ಬಳಿ ಅವಳು ಒಮ್ಮೆ ತಿರುಗಿದಳು. ನನ್ನನ್ನು ನೋಡಲಿಲ್ಲ, ಮುದುಕಿಯನ್ನು ನೋಡಿದಳು. ಓದಿ ಮುಗಿಸಿದ ಮೇಲೆ ನಾನು ಅವಳನ್ನು ನೋಡುತ್ತಿದ್ದ ಹಾಗೆಯೇ. ಮುದುಕಿಯ ಬೆರಳುಗಳು ಹೊದಿಕೆಯ ಅಂಚಿನಲ್ಲಿ ನಿಂತವು. ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದ. ಕಿವಿ ಹೊರಗೆ ಹೆಜ್ಜೆ ಇಟ್ಟಳು, ಅವಳ ಹಿಂದೆ ಬಾಗಿಲು ಮುಚ್ಚಿಕೊಂಡಿತು.