ಸಾವಂತ್ರಿ ಬಾಗಿಲು ತೆಗೆಯಲಿಲ್ಲ

ಸ್ವಪ್ನ ಮೊಳಕಾಲ್ಮೂರಿನ ಗಂಡನ ಮನೆ ಬಿಟ್ಟು ಪರಶುರಾಂಪುರದ ತವರಿಗೆ ಬಂದಾಗ ಅವಳ ಎಡಗೈ ಬಾತುಕೊಂಡಿತ್ತು. ಗಂಡ ಈರೇಶ್ ಬಾಗಿಲ ಸಂದಿಗೆ ಇಟ್ಟು ಒತ್ತಿದ್ದ ಕೈ. ಅವ್ವ ಬೋರಕ್ಕ ಅರಿಶಿನ ಹಚ್ಚಿ ಶಾಪ ಹಾಕಿದಳು. ಆಮೇಲೆ ಬೀದಿಯವರ ಮಾತು ಕಿವಿಗೆ ಬೀಳುತ್ತಿದ್ದಂತೆ, "ಎಷ್ಟ್ ದಿನ ಅಂತ ಇಲ್ಲಿರ್ತೀಯವ್ವ?" ಅನ್ನತೊಡಗಿದಳು.

ಸ್ವಪ್ನ ಟ್ರಂಕಿನಿಂದ ಹಳೆಯ ಕಾದಂಬರಿಯೊಂದನ್ನು ತೆಗೆದಳು. ಡಿಗ್ರಿಯಲ್ಲಿ ಪಠ್ಯವಾಗಿದ್ದದ್ದು. ಅವ್ವನಿಗೆ ಓದು ಬರದು. ಮಧ್ಯಾಹ್ನ ಅವಳು ಶೇಂಗಾ ಸುಲಿಯುತ್ತಿದ್ದರೆ ಮಗಳು ಪಕ್ಕದಲ್ಲಿ ಕೂತು ಓದಿ ಹೇಳುತ್ತಿದ್ದಳು. ಕಾದಂಬರಿಯ ಸಾವಂತ್ರಿಗೂ ಬಡಿಯುವ ಗಂಡ. ಅವಳು ಮನೆ ಬಿಟ್ಟು, ಹೊಲಿಗೆ ಕಲಿತು, ಒಂದು ಕೋಣೆ ಹಿಡಿದಳು. ಕೊನೆಗೆ ಗಂಡ ಕರೆಯಲು ಬಂದರೆ ಬಾಗಿಲೇ ತೆಗೆಯಲಿಲ್ಲ. "ಜಗಲಿ ಮೇಲೆ ನೀರೈತೆ, ಕುಡಿದು ಹೋಗ್ರಿ," ಅಂತ ಒಳಗಿನಿಂದಲೇ ಅಂದಳು. ಅಲ್ಲಿಗೆ ಕತೆ ಮುಗಿಯಿತು.

"ಒಳ್ಳೇದ್ ಮಾಡಿದ್ಲು ಬಿಡು," ಅಂದಳು ಅವ್ವ.

ಮತ್ತೆ ಅವಳು ಹೋಗು ಅನ್ನಲಿಲ್ಲ. ಯಾರಾದರೂ ಕೆದಕಿದರೆ, "ಸಾವಂತ್ರಿ ಬದುಕ್ಲಿಲ್ವಾ?" ಅಂತ ಅವಳೇ ಬಾಯಿ ಮುಚ್ಚಿಸುತ್ತಿದ್ದಳು.

ಅದೇ ಕಾದಂಬರಿ ಸಿನಿಮಾ ಆಗಿ ಚಳ್ಳಕೆರೆಗೆ ಬಂತು. ಸಾವಂತ್ರಿಯನ್ನು ಕಣ್ತುಂಬ ನೋಡಬೇಕೆಂದು ಅವ್ವ ಹಟ ಹಿಡಿದಳು. ಅಣ್ಣ ಗಂಗರಾಜು ಇಬ್ಬರನ್ನೂ ಕರೆದೊಯ್ದ. ಅವನು ಈರೇಶನಿಗೂ ಬರಹೇಳಿದ್ದಾನೆಂದು ಸ್ವಪ್ನಳಿಗೆ ಗೊತ್ತಾದದ್ದು ಥಿಯೇಟರಿನ ಗೇಟಿನಲ್ಲಿ, ಈರೇಶ್ ಮಲ್ಲಿಗೆ ದಂಡೆ ಹಿಡಿದು ನಿಂತಿದ್ದಾಗ.

ಸಿನಿಮಾದಲ್ಲಿ ಗಂಡನೇ ಹೀರೋ. ಪುಸ್ತಕದಲ್ಲಿ ಒನಕೆಯಿಂದ ಸಾವಂತ್ರಿಯ ಕಾಲು ಮುರಿದವನು ಇಲ್ಲಿ ಒಂದೇ ಏಟು ಹೊಡೆದ, ಅದೂ ಯಾರದೋ ಚಾಡಿ ನಂಬಿ. ಆಮೇಲೆ ಒಂದಿಡೀ ಹಾಡಿನ ತುಂಬ ಅತ್ತ. ಹೊಲಿಗೆ ಮಿಷಿನ್ನು ಎಲ್ಲೂ ಕಾಣಲಿಲ್ಲ. ಕೊನೆಗೆ ಅವನು ಬಾಗಿಲು ತಟ್ಟಿದ. ಬಾಗಿಲು ತೆರೆಯಿತು. ಸಾವಂತ್ರಿ ಓಡಿಬಂದು ಅವನ ಕಾಲಿಗೆ ಬಿದ್ದಳು. ಜನ ಶಿಳ್ಳೆ ಹೊಡೆದರು. ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ಅವ್ವ, ಪುಸ್ತಕದಾಗೆ ಹಿಂಗಿಲ್ಲ," ಹೊರಗೆ ಬಂದು ಸ್ವಪ್ನ ಅವಳ ಕೈ ಹಿಡಿದಳು. "ನಾನೇ ಓದಿ ಹೇಳಿದ್ನಲ್ಲ?"

ಅವ್ವ ಮಗಳ ಮುಖ ದಿಟ್ಟಿಸಿದಳು. "ನಂಗೆ ಓದಾಕ್ ಬರಲ್ಲ ಅಂತ ನಿಂಗೆ ಬೇಕಾದಂಗೆ ಓದಿದ್ಯಾ?"

ಸ್ವಪ್ನ ಗಂಗರಾಜುವಿನ ಕಡೆ ತಿರುಗಿದಳು. "ಅಣ್ಣ, ನೀನಾದ್ರೂ ಮನೆಗೋಗಿ ಓದಿ ಹೇಳು."

"ಅಷ್ಟು ದೊಡ್ಡ ಸಿನಿಮಾ ತೆಗೆದೋರು ಸುಳ್ಳು ಹೇಳ್ತಾರಾ? ಸುಮ್ನಿರು," ಅಂದ ಗಂಗರಾಜು.

"ಅವತ್ತು ಸಿಟ್ನಾಗೆ ಮಾಡ್ಬಿಟ್ಟೆ, ಅತ್ತೆ," ಅಂದ ಈರೇಶ್. ಅವನ ಕಣ್ಣು ಒದ್ದೆಯಾಗಿತ್ತು. ಆ ನೀರು ಸ್ವಪ್ನಳಿಗೆ ಹೊಸದಲ್ಲ. ಹೊಡೆದಾದ ಮೇಲೆ ಪ್ರತಿ ಸಲವೂ ಬರುತ್ತಿತ್ತು.

"ಹೋಗವ್ವ," ಅಂದಳು ಬೋರಕ್ಕ, ಬೇಡಿಕೊಳ್ಳುವಂತೆ. "ಸಾವಂತ್ರಿನೇ ಹೋದ್ಲಲ್ಲ. ಕಣ್ಣಾರೆ ನೋಡಿದ್ನಲ್ಲ."

ಸುತ್ತ ಜನ ನಿಂತು ನೋಡತೊಡಗಿದ್ದರು. ಸ್ವಪ್ನ ಈರೇಶನ ಬೈಕ್ ಹತ್ತಿದಳು. ಮೊಳಕಾಲ್ಮೂರಿನ ರಸ್ತೆಗೆ ತಿರುಗಿ ಊರು ಹಿಂದಾದ ಮೇಲೆ ಈರೇಶ್ ಮುಖ ತಿರುಗಿಸದೆ ಕೇಳಿದ:

"ಪುಸ್ತಕದಾಗೆ ಬ್ಯಾರೆ ಏನೋ ಐತೆ ಅಂದ್ಯಲ್ಲ, ಏನೈತೆ?"

ಅವಳು ಸೀಟಿನ ಹಿಂದಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಏನೂ ಇಲ್ಲ," ಅಂದಳು. "ಇದೇ ಕತೆ."