ದರ್ಜಿಯ ಹೊಟ್ಟೆ

ಸೊಂಟದ ಹಿಂಬದಿಯ ಹೊಲಿಗೆಯನ್ನು ಅವಳು ಒಂದೊಂದೇ ಎಳೆಯಾಗಿ ಬಿಚ್ಚುತ್ತಿದ್ದಳು. ಗಂಡನಿಗೆ ಕೊನೆಯ ಬಾರಿ ತೊಡಿಸಬೇಕಾದ ಬೂದು ಪ್ಯಾಂಟು. ಬೆಳಗ್ಗೆ ಎಷ್ಟು ಎಳೆದರೂ ಗುಂಡಿ ಕೂಡಿರಲಿಲ್ಲ. ಊರಿಗೆಲ್ಲ ಅಳತೆ ತಪ್ಪದೆ ಹೊಲಿದುಕೊಟ್ಟ ದರ್ಜಿಯನ್ನು ಗುಂಡಿ ಬಿಚ್ಚಿ ಕಳಿಸುವುದುಂಟೇ?

ಪಕ್ಕದಲ್ಲಿ ಸೂಜಿಗೆ ದಾರ ಪೋಣಿಸುತ್ತಿದ್ದ ನಾದಿನಿ ಮೂಗೊರೆಸಿಕೊಂಡಳು. "ಹೊಟ್ಟೆ ಬರೋಕೆ ಶುರುವಾದಾಗ್ಲೇ ತೋರಿಸಿದ್ರೆ ಅಣ್ಣ ಉಳ್ಕೋತಿದ್ದ, ಅತ್ತಿಗೆ. ನೀವು ನಗ್ತಾ ಕೂತ್ರಿ."

ಅವಳು ಇನ್ನೊಂದು ಎಳೆ ಬಿಚ್ಚಿದಳು. ಒಂಬತ್ತು ವರ್ಷದಿಂದ ಅವಳನ್ನು ಒಳಗೊಳಗೇ ಕೊರೆಯುತ್ತಿದ್ದುದೂ ಇದೇ.

*

ಆಗ ಅವಳು ನಿಜಕ್ಕೂ ನಕ್ಕಿದ್ದಳು. ಅಂಗಡಿ ತುಂಬ ಗಿರಾಕಿಗಳಿದ್ದಾಗಲೇ, "ಏನ್ರೀ, ಎಷ್ಟನೇ ತಿಂಗಳು?" ಎಂದು ಕೇಳುತ್ತಿದ್ದಳು. ಅವನೂ ನಕ್ಕು, ತನ್ನ ಪ್ಯಾಂಟನ್ನು ಅರ್ಧ ಇಂಚು ಸಡಿಲಿಸಿ ಮರೆತುಬಿಡುತ್ತಿದ್ದ. ನಲವತ್ತು ದಾಟಿದ ಗಂಡಸರ ಸೊಂಟ ಸಡಿಲಿಸುವುದು ಅವನಿಗೆ ದಿನದ ಕೆಲಸ. ಅದರಲ್ಲಿ ಕಾಯಿಲೆ ಕಾಣುವುದೆಲ್ಲಿಂದ ಬಂತು? ನಾಲ್ಕನೆಯ ಅರ್ಧ ಇಂಚಿಗೆ ಹೊಲಿಗೆಯೊಳಗೆ ಮಡಚಿಟ್ಟ ಬಟ್ಟೆಯೇ ಮುಗಿದಿತ್ತು.

ಕೊನೆಗೆ ಡಾಕ್ಟರಮ್ಮ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ದೊಡ್ಡ ಕರುಳಿನ ಬುಡದಲ್ಲಿ ಕಿರುಬೆರಳಿನಂತೆ ನೇತಾಡುವ ಅಪೆಂಡಿಕ್ಸ್. ಲಕ್ಷಾಂತರ ಜನರಲ್ಲಿ ಒಬ್ಬಿಬ್ಬರಿಗೆ ಅಲ್ಲಿ ಇಂಥ ಕ್ಯಾನ್ಸರ್ ಬರುತ್ತದೆ. ಅದು ಒಡೆದು, ಲೋಳೆ ಸೋರಿ, ಸದ್ದಿಲ್ಲದೆ ಹೊಟ್ಟೆಯನ್ನೆಲ್ಲ ತುಂಬುತ್ತದೆ.

"ಅಂದ್ರೆ ಒಳಗೊಂದು ಕಳ್ಳಜೇಬು. ಅದರ ಹೊಲಿಗೆ ಬಿಟ್ಟಿದೆ," ಎಂದ ದರ್ಜಿ.

ಇಷ್ಟು ಚೆನ್ನಾಗಿ ತನಗೂ ಹೇಳಲು ಬಂದಿರಲಿಲ್ಲ ಎಂದರು ಅವರು. ಹತ್ತು ಗಂಟೆ ಹಿಡಿದ ಆಪರೇಷನ್ನಿನಲ್ಲಿ ಲೋಳೆ ತೆಗೆದು, ಬಿಸಿ ಔಷಧಿಯಿಂದ ಹೊಟ್ಟೆ ತೊಳೆದರು. ಕಾಯಿಲೆ ಮರಳಿ ಬರಲು ಎಂಟು ವರ್ಷ ಬೇಕಾಯಿತು. ಅಷ್ಟರಲ್ಲಿ ಅವನು ಇಬ್ಬರು ಮೊಮ್ಮಕ್ಕಳಿಗೆ ಶಾಲೆಯ ಅಂಗಿ ಹೊಲಿದ. ಗಿರಾಕಿಯ ಸೊಂಟ ಹಳೆಯ ಅಳತೆ ಮೀರಿದರೆ, ಡಾಕ್ಟರಿಗೆ ತೋರಿಸಿಕೊಂಡು ಬರುವವರೆಗೆ ಬಟ್ಟೆಗೆ ಕತ್ತರಿ ಹಾಕುತ್ತಿರಲಿಲ್ಲ. ಬೇಕರಿಯವನ ಸ್ಕ್ಯಾನಿನಲ್ಲಿ ಸಿಕ್ಕಿದ್ದು ಬರೀ ಬೆಣ್ಣೆ ಬಿಸ್ಕತ್ತು ಎಂದು ಬೀದಿಯೆಲ್ಲ ನಕ್ಕಿತ್ತು. ಅವಳೊಬ್ಬಳು ಮಾತ್ರ ಮತ್ತೆ ಅವನನ್ನು ಗೇಲಿ ಮಾಡಲಿಲ್ಲ. ಕನ್ನಡಿಯ ಮುಂದೆ ಹೊಟ್ಟೆ ಉಬ್ಬಿಸಿ ನಿಂತು, "ಏನಾದ್ರೂ ಅನ್ನೇ," ಎಂದು ಅವನೇ ಕೇಳಿದರೂ ಒಳಗೆ ಹೋಗಿಬಿಡುತ್ತಿದ್ದಳು.

*

ಡಾಕ್ಟರಮ್ಮ ಬರುವಷ್ಟರಲ್ಲಿ ಪ್ಯಾಂಟು ತೊಡಿಸಿ ಆಗಿತ್ತು. ನಾದಿನಿ ಕೇಳಿಯೇಬಿಟ್ಟಳು: ಇನ್ನೂ ಮೊದಲೇ ಬಂದಿದ್ದರೆ ಅಣ್ಣ ಉಳಿಯುತ್ತಿದ್ದನೇ? ಹೇಳಲಾಗದು ಎಂದರು ಅವರು. ಕೊಬ್ಬು ಎಂದುಕೊಂಡೇ ಎಷ್ಟೋ ಜನ ಇನ್ನೂ ತಡವಾಗಿ ಬರುತ್ತಾರಂತೆ. ಆಮೇಲೆ ದರ್ಜಿಯ ಹೆಂಡತಿಯತ್ತ ತಿರುಗಿದರು.

"ಅವರನ್ನ ನನ್ನ ಹತ್ರ ಕಳಿಸಿದ್ದು ನೀನೇ ಅಲ್ವೇನಮ್ಮಾ? ಮೊದಲ ಸಲ ಬಂದಾಗ ಏನು ತೊಂದರೆ ಅಂತ ಕೇಳಿದೆ. 'ತೊಂದರೆ ಏನಿಲ್ಲ ಡಾಕ್ಟ್ರೇ, ಹೆಂಡತಿ ಎರಡು ವರ್ಷದಿಂದ ಎಷ್ಟನೇ ತಿಂಗಳು ಅಂತ ಕೇಳ್ತಿದ್ದಾಳೆ. ನೋಡಿ ಹೇಳಿ, ಅವಳಿಗೊಂದು ಉತ್ತರ ಕೊಡಬೇಕು' ಅಂದ್ರು."

ಅವಳು ಅಂಗೈಯನ್ನು ಬಾಯಿಗೆ ಒತ್ತಿಕೊಂಡಳು. ಭುಜಗಳು ಕುಲುಕತೊಡಗಿದವು. ಬೆಳಗಿನಿಂದ ಒಂದು ಹನಿ ಕಣ್ಣೀರೂ ಹಾಕದ ಅತ್ತಿಗೆಗೆ ಈಗ ದುಃಖದ ಕಟ್ಟೆಯೊಡೆಯಿತೆಂದು ನಾದಿನಿ ಓಡಿಬಂದು ತಬ್ಬಿಕೊಂಡಳು, ಬೆನ್ನು ನೀವಿದಳು, ಮೆಲ್ಲಗೆ ಆ ಕೈ ಸರಿಸಿ ಮುಖವನ್ನು ಮೇಲೆತ್ತಿದಳು. ಕಣ್ಣ ತುಂಬ ನೀರು. ಬಾಯಿ ಮಾತ್ರ ಕಿವಿಯವರೆಗೂ ಅರಳಿತ್ತು.

ನಾದಿನಿ ಗಬಕ್ಕನೆ ತನ್ನ ಬಾಯಿಗೂ ಕೈ ಅಡ್ಡ ಹಿಡಿದಳು. ಅವಳ ಭುಜಗಳೂ ಕುಲುಕತೊಡಗಿದವು.